ನಕಾಶೆಯ ಬಿಳಿ ಜಾಗ

ನಾಳೆ ಬೆಳಗ್ಗೆ ಹೊಸ ಕೆರೆಯ ಒಡ್ಡಿಗೆ ಗುದ್ದಲಿ ಬೀಳಲಿತ್ತು. ಅಷ್ಟರೊಳಗೆ ಕಪ್ಪತಗುಡ್ಡದ ಹಳ್ಳ ಎತ್ತ ಹರಿಯುತ್ತದೆಂದು ಮುದಕಪ್ಪ ಮಾಸ್ತರ ಕಣ್ಣಾರೆ ನೋಡಬೇಕಿತ್ತು. ಒಡ್ಡಿನ ಜಾಗ ಗುರುತಿಸಿದ ನಕಾಶೆ ಅವನದೇ. ಅದನ್ನು ನಂಬಿ ಇಡೀ ಊರು ಬಿತ್ತನೆ ಬಿಟ್ಟು ದುಡಿಯಲು ಒಪ್ಪಿತ್ತು.

ಶಿರಹಟ್ಟಿ ಸೀಮೆಯನ್ನು ಆಳುತ್ತಿದ್ದ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಮೂರು ತಿಂಗಳಾಗಿತ್ತು. ಸಂಸ್ಥಾನದ ನಕಾಶೆಯಲ್ಲಿ ಮುಂಬಯಿ ಪ್ರಾಂತದ ನೆಲ ಖಾಲಿ, ಪ್ರಾಂತದ ನಕಾಶೆಯಲ್ಲಿ ಸಂಸ್ಥಾನದ ನೆಲ ಖಾಲಿ. ಎರಡನ್ನೂ ಜೋಡಿಸಿದಾಗ ಗಡಿಯ ಮೇಲೆ ಒಂದಿಷ್ಟು ಬಿಳಿ ಜಾಗ ಉಳಿದಿತ್ತು.

"ಅಲ್ಲಿ ಹಳ್ಳದ ಗೆರಿ ನಾನ ಕೂಡಿಸಿಬಿಟ್ಟೆ, ಚಾಚಾ," ಎಂದ ಮುದಕಪ್ಪ, ಗುಡ್ಡ ಹತ್ತುತ್ತ.

"ಖಾಲಿ ಕಂಡ್ರ ಕೈ ಸುಮ್ನಿರಂಗಿಲ್ಲೇನ್ರಿ ಮಾಸ್ತರ?" ನೆಲ ಅಳೆಯುವ ಮೋಜಣಿ ಸರಪಳಿ ಹೆಗಲಿಗೇರಿಸಿದ್ದ ಕರೀಮಸಾಬ ನಕ್ಕ. ಮೂವತ್ತು ವರ್ಷ ಅದನ್ನೇ ಎಳೆದವನು ಅವನು.

"ಮಾತು ಸಾಕು, ಜಲ್ದಿ ನಡೀರಿ. ಮೋಡ ಕಪ್ಪಾಗೇತಿ," ಎಂದಳು ಮುಂದಿದ್ದ ಶಂಕ್ರೆವ್ವ. ಗಿಡಮೂಲಿಕೆ ಆರಿಸುವ ಅವಳಿಗೆ ಗುಡ್ಡದ ದಾರಿಗಳು ಗೊತ್ತಿದ್ದವು.

ಗಾಳಿಗೆ ಹುಲ್ಲು ನೆಲಕ್ಕೊರಗುತ್ತಿತ್ತು. ಕೆಂಪು ಕಲ್ಲು ಕಾಲಡಿ ಜಾರುತ್ತಿತ್ತು. ಮುದಕಪ್ಪನ ತಲೆಗೂ ನೆಮ್ಮದಿಯಿಲ್ಲ. ನದಿ, ಬೆಟ್ಟಗಳ ಹೆಸರು ಬಾಯಿಪಾಠ ಮಾಡಿಸುವುದು ಭೂಗೋಳವಲ್ಲ, ನೀರು ಅತ್ತಲೇ ಯಾಕೆ ಹೋಯಿತೆಂದು ಕೇಳುವುದೇ ಭೂಗೋಳ ಎಂದು ಸಂಜೆ ಶಾಲೆಯಲ್ಲಿ ಅವನೇ ಹೇಳುತ್ತಿದ್ದ. ಈ ಹಳ್ಳದ ಬಗ್ಗೆಯೂ ಹಾಗೇ ಕೇಳಿದ್ದ. ಇಳಿಜಾರು ಊರಿರುವ ಮೂಡಲಿಗೆ, ಆದ್ದರಿಂದ ಹಳ್ಳವೂ ಮೂಡಲಿಗೆ. ತರ್ಕ ಚೆನ್ನಾಗಿಯೇ ಇತ್ತು. ಆದರೆ ಪ್ರಶ್ನೆ ಕೇಳಿದ್ದು ಕಾಗದವನ್ನು, ನೆಲವನ್ನಲ್ಲ.

ಮಳೆ ಹೊಡೆಯಿತು.

ಕಣಿವೆಯಲ್ಲಿ ಕೆಂಪು ನೀರು ನುಗ್ಗಿತು. ಶಂಕ್ರೆವ್ವ ಇಬ್ಬರನ್ನೂ ಬಂಡೆಯ ಮೇಲಕ್ಕೆಳೆದಳು. ಹಳ್ಳದ ತಿರುವು ಬಂಡೆಯ ಕೆಳಗೇ ಮರೆಯಾಗಿತ್ತು.

"ನಾ ಇಳೀತೀನಿ," ಎಂದ ಮುದಕಪ್ಪ.

"ಬ್ಯಾಡೋ ಯಪ್ಪಾ! ಜಾರಿದ್ರ ನಿನ್ನ ಖಬರ ಹೇಳಾಕ ನಾನ ಹೋಗಬೇಕು!" ಎಂದಳು ಶಂಕ್ರೆವ್ವ.

ಕರೀಮಸಾಬ ಸರಪಳಿಯನ್ನು ಮಾಸ್ತರನ ನಡುವಿಗೆ ಬಿಗಿದ. ಇಬ್ಬರೂ ಹಿಡಿದರು. ಮುದಕಪ್ಪ ಇಳಿದ. ಕಾಲು ಜಾರಿತು. ಸರಪಳಿ ಜಗ್ಗಿತು. ಮೊಣಕೈ ತರಚಿ ರಕ್ತ ಬಂತು.

ತೂಗಾಡುತ್ತಲೇ ನೋಡಿದ. ದೊಡ್ಡ ಹಳ್ಳ ಬಂಡೆ ಬಳಸಿ ಪಡುವಲಿಗೆ, ಶಿರಹಟ್ಟಿಯ ಕಡೆಗೆ ಹೊರಳಿತ್ತು. ತೆಂಕಣ ದಿಬ್ಬದಾಚೆ ಸಣ್ಣದೊಂದು ಹಳ್ಳ ಮೂಡಲಿಗೆ ಧುಮುಕುತ್ತಿತ್ತು.

"ಜಗ್ಗಿರಿ! ನೋಡಿದೆ!"

ಇಳಿಯುವಾಗ ಆ ಸಣ್ಣ ಹಳ್ಳದ ಪಕ್ಕದಲ್ಲೇ ಊರಿನವರೆಗೂ ನಡೆದರು. ಸಂಜೆ ಚಾವಡಿಯಲ್ಲಿ, ಎಲ್ಲರೆದುರು, ಮುದಕಪ್ಪ ತನ್ನ ಗೆರೆ ಅಳಿಸಿದ. ಒಡ್ಡಿನ ಗುರುತನ್ನು ಸಣ್ಣ ಹಳ್ಳಕ್ಕೆ ಸರಿಸಿದ. ಊರ ಹಿರಿಯ ಅಂದಪ್ಪ ನಕಾಶೆಯ ಮೇಲೆ ಬೆರಳಿಟ್ಟ.

"ಪಡುವಲ ಕಡೆ ಮತ್ತ ಬಿಳೀ ಬಿಟ್ಟೀರಲ್ಲ?"

"ಅಲ್ಲಿಗೆ ನಾವು ಹೋಗಿಲ್ರಿ."

ಅಂದಪ್ಪ ಅವನ ತರಚಿದ ಮೊಣಕೈ ನೋಡಿದ.

"ಆತು. ನಾಳೆ ನೀವು ಗುರುತು ಮಾಡಿದಲ್ಲೇ ಅಗಿಯೂಣು."