ಹಾಸು, ಹೊಕ್ಕು ಮತ್ತು ಮೈನಸ್ ಎಂಬತ್ತು

ಶನಿವಾರ ಬೆಳಿಗ್ಗೆ ಉಗ್ರಾಣದ ಬಾಗಿಲು ತೆಗೆದಾಗ ಬಟ್ಟೆಯ ತಾನು ಇರಲಿಲ್ಲ.

ಇಪ್ಪತ್ತು ಮೀಟರಿನ ಸಣ್ಣೆಳೆಯ ಬಿಳಿ ಖಾದಿ. ನಂಜನಗೂಡಿನ ಹೊರಗೆ, ಕಪಿಲೆಯ ದಂಡೆಯಲ್ಲಿದ್ದ ಪುಟ್ಟ ನೇಕಾರರ ಸಂಘ ಮೈಸೂರಿನ ಪ್ರದರ್ಶನಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದದ್ದು. ನೇಯ್ದವಳು ಮಹದೇವಮ್ಮ. ಗಂಟೆಯೊಳಗೆ ಎಲ್ಲರ ಚೀಲಗಳ ತಪಾಸಣೆ ಮುಗಿಯಿತು. ತಾನು ಸಿಗಲಿಲ್ಲ. ಒಂದು ಮೊಳದ ತುಂಡು ಸಿಕ್ಕಿತು. ಅದರ ಮೇಲೆ ಸಂಘದ ನೀಲಿ ಮುದ್ರೆಯಿತ್ತು.

ಸಿಕ್ಕಿದ್ದು ಮಹದೇವಮ್ಮನ ಬುತ್ತಿಚೀಲದಲ್ಲಿ.

"ಇದು ಕಳುವಾದ ತಾನಿನ ತುಂಡೇ," ಎಂದ ಉಗ್ರಾಣದ ಚಿಕ್ಕಬಸಪ್ಪ. "ಮುದ್ರೆ ನೋಡಿ. ಆ ಮುದ್ರೆ ನನ್ನ ಕೈ ಬಿಟ್ಟು ಎಲ್ಗೂ ಓಗಲ್ಲ."

* * *

ಆ ಹೊತ್ತಿಗೆ ತಿ. ನರಸೀಪುರದ ಕಾಲೇಜಿನಲ್ಲಿ ಮಹದೇವಮ್ಮನ ಮಗಳು ಇಂದ್ರಾಣಿ ಬೋರ್ಡಿನ ಮೇಲೆ ಎರಡು ಬಾಣ ಬರೆದು, ಕಿಟಕಿಯಾಚೆ ನೋಡುತ್ತಾ ನಿಂತಿದ್ದಳು. ಗಣಿತದ ಮೇಡಂ ಪಾಠದ ನಡುವೆ ಹೀಗೆ ಕಳೆದುಹೋಗುವುದು ಮಕ್ಕಳಿಗೆಲ್ಲ ಗೊತ್ತಿದ್ದದ್ದೇ. ಕಿಟಕಿಯಿಂದ ಎರಡು ನದಿ ಕೂಡುವುದು ಕಾಣುತ್ತಿತ್ತು. ಅವುಗಳ ನಡುವಿನ ಕೋನ ಎಷ್ಟಿರಬಹುದೆಂದು ಮೂರು ವರ್ಷದಿಂದ ಅವಳು ಯೋಚಿಸುತ್ತಲೇ ಇದ್ದಳು. ಅಳೆಯುವ ಮನಸ್ಸು ಮಾತ್ರ ಬಂದಿರಲಿಲ್ಲ.

"ಬಾಣಗಳ ನಡುವಿನ ಕೋನ ಕಿರಿದಾಗಿದ್ದರೆ ಡಾಟ್ ಪ್ರಾಡಕ್ಟ್, ಅಂದರೆ ಬಲಕ್ಕೆ ಬಲ, ಮೇಲಕ್ಕೆ ಮೇಲು ಗುಣಿಸಿ ಕೂಡಿದ್ದು, ಪ್ಲಸ್," ಎಂದಳು ನಿಧಾನವಾಗಿ. "ಸರಿಯಾಗಿ ತೊಂಬತ್ತು ಡಿಗ್ರಿಯಾದರೆ ಸೊನ್ನೆ. ಅದಕ್ಕಿಂತ ಅಗಲವಾದರೆ ಮೈನಸ್."

ಜವಾನ ಬಾಗಿಲಲ್ಲಿ ನಿಂತ. "ಮೇಡಂ, ನಂಜನಗೂಡಿಂದ ಫೋನು. ನಿಮ್ಮ ತಾಯೋರ ವಿಷ್ಯ."

ಇಂದ್ರಾಣಿ ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಹೊರಗೋಡಿದಳು.

* * *

ಸಂಘದ ಅಧ್ಯಕ್ಷ ಗುರುಮಲ್ಲಪ್ಪ ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಬಸ್ಸಿಳಿದು ಬಂದ ಇಂದ್ರಾಣಿಗೆ ಹೇಳಿದರು: "ನಾಲ್ಕು ಗಂಟೆಗೆ ಸಭೆ ಕಣಮ್ಮ. ಅಷ್ಟರೊಳಗೆ ಏನೂ ತಿಳೀದಿದ್ರೆ ಪೊಲೀಸ್ಗೆ ಬರಿಬೇಕಾಯ್ತದೆ. ಮಗ್ಗನೂ ಬಿಡಿಸ್ಬೇಕಾಯ್ತದೆ."

ಇಪ್ಪತ್ತೆಂಟು ವರ್ಷದ ಮಗ್ಗ. ಇಂದ್ರಾಣಿ ಹುಟ್ಟಿದ ವರ್ಷ ಮಹದೇವಮ್ಮ ಅದರ ಮುಂದೆ ಕೂತಿದ್ದು. ಮಗುವನ್ನು ಮಗ್ಗದ ಕೆಳಗೇ ಮಲಗಿಸಿ ನೇಯುತ್ತಿದ್ದಳು. ಕಣ್ಣು ಬಿಟ್ಟರೆ ಮೇಲೆ ಬಿಳಿ ಎಳೆಗಳ ಆಕಾಶ, ಅದರಲ್ಲಿ ಅತ್ತಿಂದಿತ್ತ ಓಡುವ ಲಾಳಿ. ಇಂದ್ರಾಣಿಗೆ ಇಂದಿಗೂ ನಿದ್ದೆ ಹತ್ತುವಾಗ ಅದೇ ಟಕ್ ಟಕ್ ಕೇಳಿಸುತ್ತದೆ.

ಈಗ ಅವ್ವ ಆ ಮಗ್ಗದ ಮೇಲೆ ಕೈಯಿಟ್ಟು ಕೂತಿದ್ದಳು.

"ನಿನ್ನ ಮೇಲೆ ಯಾರಿಗವ್ವ ಹೊಟ್ಟೆಕಿಚ್ಚು?"

"ಯಾರ್ಗೂ ಇಲ್ಲ ಕಣವ್ವ. ಬರೋ ತಿಂಗ್ಳಿಂದ ಉಗ್ರಾಣದ ಬೀಗದ್ಕೈ ನಂಗೆ ಕೊಡ್ತೀವಿ ಅಂದವ್ರೆ. ಪಕ್ಕದ್ ಮಗ್ಗದ ಮಾರಯ್ಯನ್ಗೂ ಆಸೆ ಇತ್ತು. ಆದ್ರೆ ಅವ್ನು ಅಂತೋನಲ್ಲ."

ಇಂದ್ರಾಣಿ ಮುದ್ರೆಯ ತುಂಡನ್ನು ಮೇಜಿನ ಮೇಲೆ ಹರವಿದಳು. ಮೇಜಿನ ಅಂಚಿಗೆ ಬಟ್ಟೆಯ ಅಂಚನ್ನು ಹೊಂದಿಸಿದಳು. ಯಾಕೋ ಕಣ್ಣಿಗೆ ಕಿರಿಕಿರಿ. ಅಡ್ಡೆಳೆಗಳು ವಾರೆಯಾಗಿ ಓಡುತ್ತಿದ್ದವು.

"ಅವ್ವ, ಇದು ನಿನ್ನ ನೇಯ್ಗೆಯಲ್ಲ!"

ಚಿಕ್ಕಬಸಪ್ಪ ನಕ್ಕ. "ಬಟ್ಟೆ ಎಳದ್ರೆ ವಾರೆ ಆಗ್ದೆ ಇರ್ತದಾ ಮೇಡಂ?"

ಮಾತು ನಿಜವಾಗಿತ್ತು. ಇಂದ್ರಾಣಿಯ ಮುಖ ಸಣ್ಣದಾಯಿತು. ಆಗ ಮಹದೇವಮ್ಮ ಬೆಳಗಿನಿಂದ ಮೊದಲ ಸಲ ದನಿ ಎತ್ತರಿಸಿದಳು.

"ಅಂಗಾದ್ರೆ ನೀರ್ಗಾಕಿ. ನೆರಳಲ್ಲಿ, ಎಳೀದಂಗೆ, ಮಟ್ಟಸವಾಗಿ ಒಣಗಾಕಿ. ಬಟ್ಟೆ ತಾನು ಮಗ್ಗದಲ್ಲಿ ಎಂಗ್ ಹುಟ್ಟಿತ್ತೋ ಅಂಗೇ ತಿರುಗ್ತದೆ."

* * *

ಅಧ್ಯಕ್ಷರ ಕಣ್ಣೆದುರೇ ಮೂರು ತುಂಡುಗಳನ್ನು ನೆನೆಸಿದರು. ಮುದ್ರೆಯ ತುಂಡು, ಮಹದೇವಮ್ಮನ ಮಗ್ಗದಿಂದ ಕತ್ತರಿಸಿದ ತುಂಡು, ಮಾರಯ್ಯನ ಮಗ್ಗದ ತುಂಡು. ಇನ್ನಾರೂ ಆ ಸಣ್ಣೆಳೆ ನೇಯುತ್ತಿರಲಿಲ್ಲ.

ಅವು ಜಗುಲಿಯ ನೆರಳಲ್ಲಿ ಒಣಗುವವರೆಗೆ ಇಂದ್ರಾಣಿ ಹೊಳೆ ನೋಡುತ್ತಾ ಕೂತಳು. ನೀರು ಎಲ್ಲಿಗೋ ಮಲಗಲು ಹೊರಟಂತೆ ಹರಿಯುತ್ತಿತ್ತು. ಸಂಜೆಯೊಳಗೆ ಅವ್ವನ ಕೈಯಿಂದ ಮಗ್ಗ ಹೋದೀತೆಂದು ಮತ್ತೆ ಮತ್ತೆ ಎದ್ದು ತುಂಡುಗಳ ತೇವ ಮುಟ್ಟಿ ನೋಡಿದಳು.

ಮೂರು ಗಂಟೆ. ಸಣ್ಣ ಚೌಕಗಳ ದೊಡ್ಡ ಹಾಳೆ ಬಂತು. ಅವಳು ತುಂಡುಗಳನ್ನು ಒತ್ತದೆ, ಎಳೆಯದೆ ಒಂದೊಂದಾಗಿ ಮಲಗಿಸಿದಳು. ಅಂಚಿನ ಗುಂಟ ಓಡುವ ಉದ್ದೆಳೆ ಹಾಸು. ಅಡ್ಡೆಳೆ ಹೊಕ್ಕು. ಪ್ರತಿಯೊಂದೂ ಹಾಳೆಯ ಮೇಲೆ ಎಷ್ಟು ಮನೆ ಬಲಕ್ಕೆ, ಎಷ್ಟು ಮೇಲಕ್ಕೆ ಹೋಗುತ್ತದೆಂದು ಎಣಿಸಿದಳು. ಕೆಳಕ್ಕೆ ಇಳಿದರೆ ಮೈನಸ್.

ಅವ್ವನ ಬಟ್ಟೆ. ಹಾಸು ಬಲಕ್ಕೆ ಎರಡು, ಮೇಲಕ್ಕೆ ನಲವತ್ತು. ಹೊಕ್ಕು ಬಲಕ್ಕೆ ನಲವತ್ತು, ಕೆಳಕ್ಕೆ ಎರಡು. ಬಲಕ್ಕೆ ಬಲ ಗುಣಿಸಿದರೆ ಎಂಬತ್ತು. ಮೇಲಕ್ಕೆ ಕೆಳ ಗುಣಿಸಿದರೆ ಮೈನಸ್ ಎಂಬತ್ತು. ಕೂಡಿದರೆ?

"ಸೊನ್ನೆ," ಎಂದಳು ಇಂದ್ರಾಣಿ.

ಮಹದೇವಮ್ಮನ ಮುಖ ಬಾಡಿತು. "ಸೊನ್ನೇನಾ?"

"ತೊಂಬತ್ತು ಡಿಗ್ರಿ ಕಣವ್ವ. ಒಂದು ಕೂದಲೆಳೆಯೂ ವಾರೆಯಿಲ್ಲ. ಇದಕ್ಕಿಂತ ಒಳ್ಳೇ ಉತ್ತರ ಲೆಕ್ಕದಲ್ಲೇ ಇಲ್ಲ!"

ಮುದ್ರೆಯ ತುಂಡು, ಮುದ್ರೆ ಮೇಲಾಗಿ. ಹಾಸು ಬಲಕ್ಕೆ ಮೂರು, ಮೇಲಕ್ಕೆ ನಲವತ್ತು. ಹೊಕ್ಕು ಬಲಕ್ಕೆ ನಲವತ್ತು, ಕೆಳಕ್ಕೆ ಐದು. ನೂರಿಪ್ಪತ್ತರಲ್ಲಿ ಇನ್ನೂರು ಕಳೆದರೆ ಮೈನಸ್ ಎಂಬತ್ತು. ಕೋನ ಸುಮಾರು ತೊಂಬತ್ತಮೂರು.

"ಇದು ಅವ್ವನ ಮಗ್ಗದ್ದಲ್ಲ," ಎಂದಳು.

"ಅಂದ್ರೆ ಮಾರಯ್ಯನ್ದು!" ಎಂದ ಚಿಕ್ಕಬಸಪ್ಪ ತಟ್ಟನೆ.

ಎಲ್ಲರೂ ಮಾರಯ್ಯನ ಕಡೆ ತಿರುಗಿದರು. ಮುದುಕ ಎದ್ದ. "ನಂಗೆ ಎಡಗೈ ಜೋರು ಸಾ. ನನ್ ಬಟ್ಟೆ ವಾರೆ ಬತ್ತದೆ, ನಿಜ. ಆದ್ರೆ ನಾನ್ ಕಳ್ಳ ಅಲ್ಲ."

ಇಂದ್ರಾಣಿ ಅವನ ತುಂಡನ್ನು, ಮಗ್ಗದಲ್ಲಿ ಮೇಲಿದ್ದ ಮಗ್ಗುಲೇ ಮೇಲಾಗಿ, ಹಾಳೆಗೆ ಹಾಕಿದಳು. ಹಾಸು ಬಲಕ್ಕೆ ಒಂದು, ಮೇಲಕ್ಕೆ ನಲವತ್ತು. ಹೊಕ್ಕು ಬಲಕ್ಕೆ ನಲವತ್ತು, ಮೇಲಕ್ಕೆ ಒಂದು. ನಲವತ್ತು, ನಲವತ್ತು. ಕೂಡಿದರೆ ಪ್ಲಸ್ ಎಂಬತ್ತು. ಕೋನ ಎಂಬತ್ತೇಳು.

ಅವಳು ಹಾಳೆಯನ್ನೇ ನೋಡುತ್ತಾ ನಿಂತಳು. ಒಂದು ಪ್ಲಸ್, ಒಂದು ಮೈನಸ್. ಮತ್ತೆ ಮಗ್ಗದ ಕೆಳಗೆ ಮಲಗಿದಂತಾಯಿತು. ಕೆಳಗಿನಿಂದ ನೋಡಿದ ಬಟ್ಟೆ, ಮೇಲಿನಿಂದ ಅವ್ವ ನೋಡುವ ಬಟ್ಟೆ. ಅವ್ವನ ಎಡ ತನ್ನ ಬಲ.

ಮೆಲ್ಲಗೆ ಮುದ್ರೆಯ ತುಂಡನ್ನು ಮಗುಚಿದಳು. ವಾರೆ ಮಾರಯ್ಯನದ್ದಕ್ಕೆ ಸರಿಯಾಗಿ ಕೂತಿತು.

* * *

ಸಭೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಾರಯ್ಯ, ಮುದ್ರೆ ಯಾವ ಮಗ್ಗುಲಿಗೆ ಹಾಕಿಸ್ತೀರಿ?"

"ನೇಯುವಾಗ ಮೇಲಿದ್ದ ಮಗ್ಗುಲ್ಗೆ ಕಣವ್ವ. ಮಡಚೋವಾಗ್ಲೇ ಅದ್ನ ಒರಗಡೆ ಮಾಡಿ, ನಾವೇ ಕೈಯಾರೆ ಇಡಿತೀವಿ. ಚಿಕ್ಕಬಸಪ್ನೋರು ಮುದ್ರೆ ಒತ್ತುತಾರೆ. ನಮ್ ಪದ್ಧತಿ."

"ಅಂದರೆ ಮುದ್ರೆ ಮೇಲಾಗಿಟ್ಟಾಗ ನಿಮ್ಮ ಬಟ್ಟೆ ಪ್ಲಸ್ ಬರಬೇಕು. ಮೈನಸ್ ಬಂದಿದೆ. ಇದು ನಿಮ್ಮ ಮಗ್ಗದ್ದೇ, ಆದರೆ ಮುದ್ರೆ ತಪ್ಪು ಮಗ್ಗುಲಿಗೆ ಬಿದ್ದಿದೆ. ಅದು ಬಿದ್ದಾಗ ನೀವು ಹಿಡಿದಿರಲಿಲ್ಲ. ಬೇರೆ ಯಾವ ನೇಕಾರರೂ ಹಿಡಿದಿರಲಿಲ್ಲ." ಅವಳು ತಿರುಗಿದಳು. "ಉಗ್ರಾಣದಲ್ಲಿ ಮಾರಯ್ಯನ ತಾನಿನ ಕೊನೆಗಳು ಬಿದ್ದಿರುತ್ತವೆ. ಒಂದನ್ನು ತೆಗೆದು, ಒಬ್ಬರೇ ಕೂತು ಒತ್ತಿದರೆ ಯಾವ ಮಗ್ಗುಲಾದರೇನು ಅನ್ನಿಸುತ್ತದೆ. ಮಗ್ಗದ ಮುಂದೆ ಒಂದು ದಿನವೂ ಕೂರದವರಿಗೆ ಎರಡೂ ಒಂದೇ. ಮುದ್ರೆ ನಿಮ್ಮ ಕೈ ಬಿಟ್ಟು ಎಲ್ಲಿಗೂ ಹೋಗಲ್ಲ ಅಂದವರು ನೀವೇ, ಚಿಕ್ಕಬಸಪ್ಪನವರೇ."

ಚಿಕ್ಕಬಸಪ್ಪನ ಕೈ ಉಡಿದಾರದ ಬೀಗದಕೈಯತ್ತ ಹೋಯಿತು.

"ತಾನು ಎಲ್ಲಿ?" ಎಂದರು ಗುರುಮಲ್ಲಪ್ಪ.

"ಎಲ್ಗೂ ಓಗಿಲ್ಲ ಸಾ. ನೂಲಿನ ಮೂಟೆ ಒಳಗದೆ." ಅವನು ಉಗ್ರಾಣದ ಕಡೆ ಕೈ ತೋರಿಸಿದ. "ಮೂವತ್ತೊರ್ಷ ಆ ಬೀಗ ನಾನೇ ತೆಗ್ದೆ. ಬರೋ ತಿಂಗ್ಳಿಂದ ಬಾಗ್ಲಾಚೆ ನಿಂತ್ಕ ಅಂದ್ರೆ ನಾನ್ ಎಲ್ಲಿಗೋಗ್ಲಿ? ಮಹದೇವಮ್ಮನ ಹೆಸ್ರು ಕೆಟ್ರೆ ಬೀಗ ನನ್ನತ್ರನೇ ಉಳೀತದೆ ಅನ್ಕಂಡೆ."

ಗುರುಮಲ್ಲಪ್ಪ ಅವನ ಉಡಿದಾರದಿಂದ ಬೀಗದಕೈ ಬಿಚ್ಚಿಸಿ ಮಹದೇವಮ್ಮನ ಅಂಗೈಗೆ ಹಾಕಿದರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ನಂಗೆ ಓದಕ್ಕೆ ಬರಿಯಕ್ಕೆ ಬರಲ್ಲ ಬಸಪ್ಪ," ಎಂದಳು ಕೊನೆಗೆ. "ಬೀಗ ನಾನಿಟ್ಕತೀನಿ, ಲೆಕ್ಕದ್ ಪುಸ್ತಕ ಬರಿಯಕ್ಕೆ ನೀವೇ ಒಳಗೆ ಕೂತ್ಕಳಿ ಅಂತ ಇವತ್ತು ಕೇಳಾಣ ಅಂತಿದ್ದೆ."