ಪೊದೆಯಿಲ್ಲದ ಚಿತ್ರ

"ಇವನ ಮೂಗು ಸ್ವಲ್ಪ ಉದ್ದ ಆಯ್ತು," ಎಂದ ಸಂಪಾದಕ.

ಚಿತ್ರಗಾರ್ತಿ ಹಲ್ಲು ಕಚ್ಚಿದಳು. ಚಿತ್ರದಲ್ಲಿದ್ದ ಆ ಮೂಗು ಸಂಪಾದಕನದೇ. ಜಾರುವ ಕನ್ನಡಕ, ಎಂದೂ ಸರಿಯಾಗಿ ಮಡಚದ ಅಂಗಿತೋಳು, ಎಲ್ಲವೂ ಅವನದೇ. ಇಂಗ್ಲಿಷ್ ನುಡಿಗಟ್ಟುಗಳ ಈ ಪುಸ್ತಕದ ಪುಟಪುಟದಲ್ಲೂ ಅವಳು ಅವನನ್ನೇ ಬಿಡಿಸಿದ್ದಳು. ಅವನೋ, ಯಾರೋ ದಾರಿಹೋಕನನ್ನು ತಿದ್ದುವಂತೆ ಕೆಂಪು ಪೆನ್ಸಿಲ್ ಆಡಿಸುತ್ತಿದ್ದ. ಕೋಣನ ಮುಂದೆ ಕಿನ್ನರಿ!

ಅವನ ನಿಯಮ ಒಂದೇ: ಚಿತ್ರದಲ್ಲಿ ಪದ ಕಾಣಬಾರದು, ಅರ್ಥ ಕಾಣಬೇಕು. 'ಕೋಲ್ಡ್ ಫೀಟ್' ಎಂದರೆ ಮಂಜಿನ ಮೇಲಿನ ಪಾದವಲ್ಲ, ಕೊನೆಗಳಿಗೆಯಲ್ಲಿ ಧೈರ್ಯ ಸೋರಿಹೋದವನು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಜೇಬಿಗಿಳಿಸುವವನನ್ನು ಅವಳು ಬಿಡಿಸಿದ್ದಳು. ತನ್ನ ಸ್ಟುಡಿಯೊದ ಗಾಜಿನಾಚೆ ಅವನು ಹಾಗೆ ಮಾಡಿ ಮರಳಿದ್ದನ್ನು ಕಣ್ಣಾರೆ ಕಂಡಿದ್ದಳು.

ಇವತ್ತಿನದು ಕೊನೆಯ ಚಿತ್ರ: 'ಬೀಟಿಂಗ್ ಅರೌಂಡ್ ದ ಬುಷ್'. ಇದು ಮುಗಿದರೆ ಈ ಕೋಣೆಗೆ ಬರಲು ನೆಪವೇ ಇರುವುದಿಲ್ಲ.

"ಪೊದೆ ಬೇಡ ಅಂದ್ರಿ. ಅದಕ್ಕೇ ಸುತ್ತಿ ಬಳಸಿ ಮಾತಾಡೋನನ್ನ ಬಿಡಿಸಿದೀನಿ."

"ಇವನು ಏನು ಹೇಳೋಕೆ ಹೊರಟಿದಾನೆ?"

"ಅವನನ್ನೇ ಕೇಳಿ!"

"ಚಿತ್ರದಲ್ಲಿ ಇವನೆದುರಿಗಿರೋ ಹುಡುಗಿಗೆ ಯಾಕಿಷ್ಟು ಸಿಟ್ಟು?"

"ಕೂತಾಗಿಂದ ಅವನದು ಬರೀ ಪೇಪರು, ಬೈಂಡಿಂಗು, ಹವಾಮಾನದ ಮಾತು. ಇನ್ನೇನು ಮಾಡ್ತಾಳೆ, ಪಾಪ!"

ಪುಟ ಜೋಡಿಸುವ ಅವನ ತಂಗಿ ಒಳಬಂದವಳೇ ಹಾಳೆಯ ಮೇಲೆ ಬಗ್ಗಿದಳು. "ಅಯ್ಯೋ ಅಣ್ಣಾ, ಇದರಲ್ಲೂ ನಿನ್ನ ಮೋರೆನೇ! ಪುಸ್ತಕದ ತುಂಬ ನೀನೇ ಇದೀಯ, ಜೋಡಿಸ್ತಾ ನಕ್ಕೂ ನಕ್ಕೂ ಸಾಕಾಯ್ತು."

"ನಾನಾ?"

"ಕಣ್ಣು ಎಲ್ಲಿಟ್ಟಿದ್ದೆ, ಮಾರಾಯ?" ನಗುತ್ತಲೇ ಅವಳು ಹೊರಟುಹೋದಳು.

ಅವನು ಹಳೆಯ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದ. ಜೇಬಿಗಿಳಿದ ಕೈಯ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಕಿವಿ ಕೆಂಪಾಯಿತು.

"ಅಂದ್ರೆ... ಈ ಪೇಪರಿನ ದಪ್ಪ..."

ಸಾಕಾಯಿತು ಅವಳಿಗೆ. ಕುಂಚಗಳನ್ನು ಚೀಲಕ್ಕೆ ತುರುಕಿ ಬಾಗಿಲವರೆಗೂ ನಡೆದಳು.

"ನಾಳೆ ಬನ್ನಿ," ಎಂದ ಹಿಂದಿನಿಂದ.

"ಕೆಲಸ ಮುಗೀತಲ್ಲ."

"ಕೆಲಸಕ್ಕಲ್ಲ." ಕೆಂಪು ಪೆನ್ಸಿಲನ್ನು ಕೆಳಗಿಟ್ಟ. "ನನಗೆ ನೀವು ಬೇಕು."

ಅವಳು ತಿರುಗಿದಳು. ಸಿಟ್ಟಿನ್ನೂ ಇಳಿದಿರಲಿಲ್ಲ, ಕೈ ಮಾತ್ರ ಚೀಲವನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟಿತು.

"ಕ್ಲಿಯರ್ ಆಗಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."