ಒತ್ತದೆ ಉಳಿದ ಗುಂಡಿ

ಪಾರವ್ವ ಒದ್ದೆ ಬಟ್ಟೆಯನ್ನು ಹಿಂಡಿ ಆರನೆಯ ಗೂಡಿನ ಕಿವಿಬಟ್ಟಲನ್ನು ಒರೆಸಿದಳು. ಮೊದಲು ಒಳಗೆ, ಆಮೇಲೆ ಹೊರಗೆ, ಕೊನೆಗೆ ಅದರ ತಂತಿ. ಕಚೇರಿ ತೆರೆಯಲು ಇನ್ನೂ ಹೊತ್ತಿತ್ತು. ಒರೆಸಿದ್ದನ್ನು ಕಿವಿಗಿಟ್ಟುಕೊಂಡು ತುಸು ನಿಂತಳು. ಅಪ್ಪ ಇದ್ದ. ಸಮಾಧಾನವಾಗಿ ಕೊಕ್ಕೆಗೆ ಸಿಕ್ಕಿಸಿದಳು. ಪಕ್ಕದ ಕೆಂಪು ಗುಂಡಿಯನ್ನು ಎಂದಿನಂತೆ ಮುಟ್ಟಲಿಲ್ಲ.

ಗದಗಿನ ಧ್ವನಿಕಣಜ ಊರವರ ಮಾತನ್ನು ಒಂದು ಗಾಜಿನ ಹರಳಿನಲ್ಲಿ ಕಾಪಿಡುತ್ತಿತ್ತು. ಹರಳಿನ ತುಂಬ ಬೆಳಕಿನಿಂದ ತುಂಬುವ ಕೋಟ್ಯಂತರ ಕುಳಿಗಳು; ಒಬ್ಬೊಬ್ಬರ ಮಾತಿಗೂ ಒಂದಿಷ್ಟು ಕುಳಿ. ತೀರಿಕೊಂಡವರ ದನಿ ಬೇಕೆಂದವರು ಅರ್ಜಿ ಬರೆದುಕೊಟ್ಟು, ಗೂಡಿನಲ್ಲಿ ಕುಳಿತು ಕೇಳಿ, ಎದ್ದು ಹೋಗುವಾಗ ‘ಸಾಕು’ ಎಂದು ಬರೆದಿದ್ದ ಕೆಂಪು ಗುಂಡಿಯನ್ನು ಒತ್ತುತ್ತಿದ್ದರು.

ಪಾರವ್ವ ಆರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ಅರ್ಜಿ ಬರೆಯುವುದೆಂದರೆ ಅವಳಿಗೆ ಬೆವರು. ಅದಕ್ಕೇ ಕಸ ಗುಡಿಸಲು ಬಂದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ತೀರಿಕೊಂಡ ಅಪ್ಪನ ದನಿ ಕೇಳಿ ಹೋಗುತ್ತಿದ್ದಳು. ಇಂಥದೊಂದು ಮನೆ ಕಟ್ಟಿದವರನ್ನು ಅವಳು ದಿನವೂ ನೆನೆಯುತ್ತಿದ್ದಳು.

ಆದರೆ ಸೋಮವಾರ ಧ್ವನಿಗಳ ಪಟ್ಟಿಯಿಂದ ಅಪ್ಪನ ಹೆಸರು ಮಾಯವಾಗಿತ್ತು. ಇಂದು ಗುರುವಾರ. ಯಾರನ್ನು ಕೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಹತ್ತು ಗಂಟೆಗೆ ಧಾರವಾಡದಿಂದ, ಈ ಹರಳಿನ ಯಂತ್ರ ಕಟ್ಟಿದ ವಿಜ್ಞಾನಿ ಅನುಸೂಯಾ ಜಂಬಗಿ ಬಂದರು. ಅವರ ಬೆನ್ನಿಗೇ ಕಣಜದ ಅಧಿಕಾರಿ ಹೊಂಬಳ ನಡೆದರು.

“ಹರಳು ತುಂಬೇದ, ಜಾಗಾ ಇಲ್ಲ ಅಂತದ್ರಿ ಯಂತ್ರ, ಮೇಡಂ. ಪಟ್ಟಿಯೊಳಗಿನ ಧ್ವನಿ ಎಲ್ಲಾ ಕೂಡಿಸಿದ್ರ ನೂರಕ್ಕ ಅರವತ್ತು ಪಾಲು ಆಗ್ತದ. ಉಳಿದದ್ದು ಇಲಿ ತಿಂದ್ವೇನು?”

“ಅಳಿಸಿದ್ರೇನು ಇತ್ತೀಚಿಗೆ?”

“ಸೋಮವಾರ. ಐದು ವರ್ಷದಾಗ ಒಂದೂ ಅರ್ಜಿ ಬರದವು, ಎರಡು ಸಾವಿರದ ಮ್ಯಾಲೆ. ಯಾರೂ ಕೇಳದ ಧ್ವನಿ ಅಂತ ನಾನ ಸಹಿ ಹಾಕೇನಿ. ಜಾಗಾ ಮಾತ್ರ ಸಾಸಿವಿಯಷ್ಟೂ ಬಿಡ್ಲಿಲ್ಲ.”

“ಯಂತ್ರಕ್ಕ ಮಂಕು ಕವಿದದ. ಹನ್ನೊಂದಕ್ಕ ಒಮ್ಮೆ ನಿಲ್ಲಿಸಿ ಎಬ್ಬಿಸಿಬಿಡೋಣ. ಆರು ವರ್ಷದಾಗ ನಿಂತೇ ಇಲ್ಲಲ್ಲ ಅದು.”

ಬಕೆಟ್ಟು ಹಿಡಿದು ನಿಂತಿದ್ದ ಪಾರವ್ವ ಅದನ್ನು ಕೆಳಗಿಟ್ಟಳು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಜಂಬಗಿಯವರು ಯಂತ್ರದ ಕೋಣೆಯತ್ತ ಹೆಜ್ಜೆ ಹಾಕಿದಾಗ, ಅವಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

“ಮೇಡಂ, ನಿಲ್ಲಿಸಬ್ಯಾಡ್ರಿ. ನಮ್ಮಪ್ಪನ ಹೆಸರು ಹೋಗೇತ್ರಿ. ಅಂವ ಇನ್ನೂ ಮಾತಾಡಾಕತ್ತಾನ.”

“ಮುಂಜಾನಿ ಚಾ ಕುಡದಿಲ್ಲೇನ ಪಾರವ್ವಾ?” ಎಂದು ಹೊಂಬಳ ನಕ್ಕರು.

ಜಂಬಗಿಯವರು ನಗಲಿಲ್ಲ. ಆರನೆಯ ಗೂಡಿಗೆ ಹೋಗಿ ಕಿವಿಬಟ್ಟಲನ್ನು ಎತ್ತಿಕೊಂಡರು. ಕೇಳುತ್ತ ಕೇಳುತ್ತ ಅಲ್ಲೇ ಕುಳಿತುಬಿಟ್ಟರು.

“ಹೊಂಬಳರ, ಯಂತ್ರದ ಎರಡೂ ಲೆಕ್ಕ ಸರಿನ ಅದಾವ. ಒಂದು ಪಟ್ಟಿಯೊಳಗಿನ ಹೆಸರು ಎಣಸ್ತದ, ಇನ್ನೊಂದು ತುಂಬಿದ ಕುಳಿ ಎಣಸ್ತದ. ರೇಷನ್ ಕಾರ್ಡಿನಾಗ ಹೆಸರು ಹೊಡದ್ರೂ ಮನುಷ್ಯಾ ಮನಿಯೊಳಗ ಕುಂತಿರ್ತಾನಲ್ಲ, ಹಂಗ. ಅಳಿಸೂದು ಅಂದ್ರ ಬರೇ ಹೆಸರು ಹೊಡಿಯೂದು. ಯಾರರ ಕೇಳಾಕತ್ತಿದ್ರ, ಅವರು ಮುಗಿಸೂ ತನಕ ಯಂತ್ರ ಕುಳಿ ಬರಿದು ಮಾಡೂದಿಲ್ಲ. ಕೊಕ್ಕಿಗೆ ಹಾಕಿದ್ರ ಧ್ವನಿ ತಡದು ನಿಲ್ತದ ಅಷ್ಟ. ‘ಸಾಕು’ ಒತ್ತಿದಾಗಲೇ ಮುಗೀತು ಅಂತ ಅದಕ್ಕ ತಿಳೀತದ.” ಪಾರವ್ವನತ್ತ ತಿರುಗಿದರು. “ನೀ ಯಾಕ ಒತ್ತಲಿಲ್ಲವ್ವ?”

ಪಾರವ್ವ ನೆಲ ನೋಡಿದಳು.

“ಹಿರ್ಯಾರು ಮಾತಾಡೂಮುಂದ ಸಾಕು ಅನ್ನೂದು ಹೆಂಗ್ರಿ? ಬರ್ತೀನಿ ಅಂದು ಕೊಕ್ಕಿಗೆ ಹಾಕ್ತಿದ್ದೆ.”

“ಬರೇ ನಿಮ್ಮಪ್ಪಂದು ಇಷ್ಟು ಜಾಗಾ ತಿನ್ನೂದಿಲ್ಲ.”

“ಉಳಿದವ್ರದೂ ಒತ್ತಿಲ್ರಿ. ಯಾರೂ ಬರದವ್ರು ಇದ್ರಲ್ರೀ. ದಿನಾ ಒಬ್ಬೊಬ್ಬರನ್ನ ಮಾತಾಡ್ಸಿ ಬರ್ತಿದ್ದೆ. ಆರು ವರ್ಷ ಆತು.”

ಹೊಂಬಳರ ನಗು ಆರಿತು. “ಯಾರೂ ಕೇಳದ ಧ್ವನಿ,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

“ನಾ ಕೇಳೀನ್ರಿ,” ಎಂದಳು ಪಾರವ್ವ.

ಯಂತ್ರವನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ತೆರೆದೇ ಇದ್ದ ಧ್ವನಿಗಳೆಲ್ಲ ಒಮ್ಮೆಗೇ ಮುಚ್ಚಿ, ಕುಳಿಗಳು ಬರಿದಾಗಿ, ಲೆಕ್ಕ ಸರಿಹೋಗುತ್ತಿತ್ತು. ಸಂಜೆಯೊಳಗೆ ಧಾರವಾಡದಿಂದ ಹೊಸ ಹರಳು ಬಂತು. ತೆರೆದಿದ್ದ ಒಂದೊಂದನ್ನೇ ಅದಕ್ಕೆ ಇಳಿಸತೊಡಗಿದರು. ಹೊಂಬಳ ತಾವೇ ಪೆನ್ನು ಹಿಡಿದು ಹೆಸರುಗಳನ್ನು ಮರಳಿ ಬರೆದುಕೊಂಡರು. ಯಾವ ಧ್ವನಿ ಯಾರದೆಂದು ತಿಳಿಯದ ಕಡೆ ಪಾರವ್ವ ಹೇಳಿದಳು: ಇವರು ಕಿಲ್ಲಾ ಓಣಿಯ ಸೂಲಗಿತ್ತಿ, ಇವರು ಬೆಟಗೇರಿಯ ನೇಕಾರರು, ಈ ಅಜ್ಜ ಮಾತಿನ ನಡುವೆ ಸೀನುತ್ತಾನೆ. ಓದಿದವರಿಬ್ಬರೂ ಅವಳ ಬಾಯಿ ನೋಡುತ್ತ ಕುಳಿತರು.

“ನೀ ಇರದಿದ್ರ ಇವರೆಲ್ಲಾ ನನ್ನ ಕೈಯಾಗ ಹೋಗ್ತಿದ್ರವ್ವ,” ಎಂದರು ಜಂಬಗಿ.

“ಹಿಡದಿಟ್ಟವ್ರು ನೀವ ಅಲ್ರೀ ಮೇಡಂ,” ಎಂದಳು ಪಾರವ್ವ. ಅವಳಿಗೆ ಅಷ್ಟೇ ಹೇಳಲು ಬಂತು.

ಅಪ್ಪನ ಸರದಿ ಬಂದಾಗ ಜಂಬಗಿ ಧ್ವನಿಯನ್ನು ಕೋಣೆಗೆಲ್ಲ ಕೇಳುವಂತೆ ಬಿಟ್ಟರು. ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದವನು. ಮೈದಾ ಅಂಟು ಗಂಟಾಗದಂತೆ ಕುದಿಸುವುದು ಹೇಗೆಂದು ನಿಧಾನವಾಗಿ ವಿವರಿಸಿದ. ನಡುವೆ ಕೆಮ್ಮು ಬಂತು. ಈ ಮಾತು ಹಿಡಿದಿಟ್ಟ ದಿನ, ಬಾಗಿಲ ಹೊರಗೆ ಆಡುತ್ತಿದ್ದ ಪುಟ್ಟ ಪಾರವ್ವನಿಗೆ ಇದರ ಮುಂದಿನದು ಕೇಳಿಸಿರಲಿಲ್ಲ. ಈಗ ಮೂವರೂ ಕಿವಿಗೊಟ್ಟು ನಿಂತಿದ್ದರು. ಕೆಮ್ಮು ಇಳಿದ ಮೇಲೆ ಅಪ್ಪ ಎಂದಿನಂತೆಯೇ ಕೇಳಿದ:

“ಪಾರೂ, ಒಂದು ವಾಟಿ ನೀರು ಕೊಡವ್ವ.”